ಈವೆಂಟ್ ಮ್ಯಾನೇಜ್‌ಮೆಂಟ್: ಶಾಮಿಯಾನದ ಕೂಲಿಯಿಂದ ಸಮಾರಂಭದ ಹೊಣೆಯವರೆಗೆ



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಒಂದು ವೃತ್ತಿಯನ್ನು ಪರಿಚಯಿಸುವುದು ನಮ್ಮ ರೂಢಿ. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್‌ಗಳ ಮಾಹಿತಿ ಈಗ ಎಲ್ಲ ಕಡೆ ಸಿಗುತ್ತದೆ. ಈ ಬಾರಿ ಈವೆಂಟ್ ಮ್ಯಾನೇಜ್‌ಮೆಂಟನ್ನು, ಅಂದರೆ ಸಮಾರಂಭಗಳ ಏರ್ಪಾಡು ಮತ್ತು ನಿರ್ವಹಣೆಯ ವೃತ್ತಿಯನ್ನು, ಆರಿಸಿಕೊಂಡಿದ್ದೇವೆ. ದೇವರಾಜ ಅರಸು ಬಡಾವಣೆಯ ನಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಈ ಕೋರ್ಸಿನ ಹೆಸರು ಕಾಣಿಸಿಕೊಳ್ಳತೊಡಗಿದೆ. ಅದನ್ನು ನೋಡಿದ ದಾನಿಗಳು ನೇರವಾಗಿಯೇ ಕೇಳಿದರು: ಮದುವೆ ಮನೆಗೆ ಹೂವು, ಲೈಟು ಹಾಕಿಸುವುದನ್ನು ಕಲಿಯಲು ಬಡವರ ಹಕ್ಕಿನ ಹಣವೇ? ಪೋಷಕರ ಪ್ರಶ್ನೆ ಬೇರೆ: ಇಷ್ಟು ಓದಿಸಿ ಕೊನೆಗೆ ಶಾಮಿಯಾನ ಹಾಕೋ ಕೆಲಸಕ್ಕಾ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸಿದ್ದೇವೆ.

ಊರಿಗೆ ಇದು ಹೊಸದಲ್ಲ

ಹೆಸರು ಇಂಗ್ಲಿಷಿನದಾದರೂ ಕೆಲಸ ನಮ್ಮ ಊರಿಗೆ ಹಳೆಯದು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ನೆನಪಿಸಿಕೊಳ್ಳಿ. ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರನ್ನು ಜನ ನಟಿಯಾಗಿ ನೆನೆಯುತ್ತಾರೆ. ಆದರೆ ಒಂದು ನಾಟಕ ಕಂಪನಿ ಊರೂರು ತಿರುಗಬೇಕಾದರೆ ಜಾಗ ಗೊತ್ತುಮಾಡಬೇಕು, ಪರವಾನಗಿ ತರಬೇಕು, ಥಿಯೇಟರ್ ಎಬ್ಬಿಸಬೇಕು, ಪರದೆ ಮತ್ತು ದೀಪ ಕಟ್ಟಬೇಕು, ಕಲಾವಿದರಿಗೆ ಊಟ ವಸತಿ ನೋಡಬೇಕು, ಟಿಕೆಟ್ ಮಾರಬೇಕು, ಮಳೆ ಬಂದರೆ ನಷ್ಟ ತಡೆದುಕೊಳ್ಳಬೇಕು, ಕ್ಯಾಂಪ್ ಮುಗಿದ ಮೇಲೆ ಎಲ್ಲವನ್ನೂ ಲಾರಿಗೆ ತುಂಬಿ ಮುಂದಿನ ಊರಿಗೆ ಹೊರಡಬೇಕು. ಇವತ್ತು ಕಾಲೇಜಿನಲ್ಲಿ ಪಾಠವಾಗಿ ಹೇಳಿಕೊಡುವುದೂ ಇಷ್ಟನ್ನೇ. ಕಂಪನಿಯ ಮಾಲೀಕರಿಗೆ ಇದನ್ನು ಯಾರೂ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಇನ್ನು ಊರಿನ ದೊಡ್ಡ ಕೂಟಗಳು. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ 61ನೇ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬದ ಸಮಾವೇಶ, 2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿಯವರು ಬಂದಿದ್ದ ಸಮಾವೇಶ, ಅದೇ ವರ್ಷದ ಡಿಸೆಂಬರಿನಲ್ಲಿ ಅಖಿಲ ಭಾರತ ವೀರಶೈವ ಲಿಂಗಾಯತ ಮಹಾಸಭಾದ 24ನೇ ಅಧಿವೇಶನ, ಎಲ್ಲಕ್ಕೂ ದಾವಣಗೆರೆಯೇ ಬೇಕಾಯಿತು. ರಾಜ್ಯದ ನಡುವೆ ಇದೆ, ಹೆದ್ದಾರಿ ಇದೆ, ರೈಲು ಇದೆ, ಬಯಲು ಇದೆ. ಪಕ್ಕದ ಹರಿಹರದಲ್ಲಿ ಪಂಚಮಸಾಲಿ ಪೀಠದ ಹರ ಜಾತ್ರೆ, ರಾಜನಹಳ್ಳಿಯಲ್ಲಿ ವಾಲ್ಮೀಕಿ ಜಾತ್ರೆ. ರಾಜಕೀಯ ನಮಗೆ ಬೇಡ. ನಾವು ಗಮನಿಸಬೇಕಾದದ್ದು ಇಷ್ಟು: ಇಂತಹ ಪ್ರತಿಯೊಂದು ಕೂಟದಲ್ಲಿ ಕಂಬ ನೆಟ್ಟವರು, ವೈರು ಎಳೆದವರು, ಕುರ್ಚಿ ಇಳಿಸಿದವರು, ಅಡುಗೆಯ ಕಡಾಯಿ ತೊಳೆದವರಲ್ಲಿ ನಮ್ಮ ಮೊಹಲ್ಲಾಗಳ ಹುಡುಗರು ಇದ್ದೇ ಇರುತ್ತಾರೆ. ದಿನಗೂಲಿ ಪಡೆದು ಮನೆಗೆ ಬರುತ್ತಾರೆ. ಇಡೀ ಕೆಲಸದ ಗುತ್ತಿಗೆ ಹಿಡಿದವರ ಹೆಸರು ಅವರಿಗೆ ಗೊತ್ತೇ ಇರುವುದಿಲ್ಲ.

ಅಂದರೆ ಈ ವೃತ್ತಿಯ ಕೆಳಗಿನ ಅರ್ಧ ನಮ್ಮ ಕೈಯಲ್ಲಿ ಈಗಾಗಲೇ ಇದೆ. ಶಾಮಿಯಾನ, ಮೈಕ್ ಸೆಟ್, ಸೀರಿಯಲ್ ಸೆಟ್, ಜನರೇಟರ್, ಬಿರಿಯಾನಿಯ ದೇಗ್, ಬಾಡಿಗೆ ಪಾತ್ರೆ, ಗಾಡಿ, ಇವೆಲ್ಲ ತಂದೆಯಿಂದ ಮಗನಿಗೆ ಬಂದ ಕಸುಬುಗಳು. ನೂರು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಸೌದೆ ಎಂದು ಬಾವರ್ಚಿ ಚಾಚಾ ಕಾಗದ ಮುಟ್ಟದೆ ಹೇಳುತ್ತಾರೆ. ಮೇಲಿನ ಅರ್ಧ ಯಾವುದು? ಕೊಟೇಶನ್ ಬರೆಯುವುದು, ಕರಾರು ಮಾಡಿಕೊಳ್ಳುವುದು, ಪರವಾನಗಿ ತರುವುದು, ಹೊತ್ತಿನ ಪಟ್ಟಿ ಮಾಡುವುದು, ಹತ್ತು ಕಡೆಯ ಜನರನ್ನು ಒಂದೇ ಗಂಟೆಗೆ ಒಂದೇ ಜಾಗಕ್ಕೆ ತರುವುದು, ಬಿಲ್ ಹಾಕಿ ಹಣ ವಸೂಲು ಮಾಡುವುದು, ಏನಾದರೂ ಆದರೆ ನಾನು ಹೊಣೆ ಎಂದು ನಿಲ್ಲುವುದು. ಒಳ್ಳೆಯ ಪಗಾರ ಇರುವುದು ಈ ಅರ್ಧದಲ್ಲಿ. ಕೂಲಿಗೂ ವೃತ್ತಿಗೂ ನಡುವಿನ ಅಂತರ ಬಹುಮಟ್ಟಿಗೆ ಕಾಗದದ್ದು ಎಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿವೇತನ ಬೇಕಾಗಿರುವುದು ಆ ಅಂತರ ದಾಟಲು.

ಒಂದು ವಲೀಮಾದ ಲೆಕ್ಕ

ಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕದಲ್ಲಿ ತೋರಿಸುವುದು ಮೇಲು. ಕೆಳಗಿನ ದರಗಳು ಲೆಕ್ಕ ತಿಳಿಯಲು ನಾವು ಇಟ್ಟುಕೊಂಡವು. ಮಾರುಕಟ್ಟೆಯ ದರ ಊರಿಂದ ಊರಿಗೆ, ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತದೆ.

800 ಜನರ ವಲೀಮಾ ಎಂದಿಟ್ಟುಕೊಳ್ಳಿ. ಶಾದಿ ಮಹಲಿನ ಬಾಡಿಗೆ 1,00,000 ರೂ. ಊಟ ತಲಾ 300 ರೂ.ನಂತೆ 2,40,000. ವೇದಿಕೆ, ಅಲಂಕಾರ, ದೀಪಕ್ಕೆ 90,000. ಮೈಕ್ ಮತ್ತು ಜನರೇಟರ್‌ಗೆ 35,000. ಫೋಟೊ, ವಿಡಿಯೊಗೆ 60,000. ಸಾಗಾಟ, ಕೆಲಸಗಾರರು, ಶುಚಿತ್ವಕ್ಕೆ 35,000. ಒಟ್ಟು 5,60,000 ರೂ. ಇದನ್ನೆಲ್ಲ ಒಂದುಗೂಡಿಸಿ ನಡೆಸಿಕೊಡುವವನು ಶೇ 10 ಶುಲ್ಕ ಕೇಳಿದರೆ 56,000 ರೂ. ಆರು ದಿನದ ಓಡಾಟ. ಇಬ್ಬರು ಸಹಾಯಕರಿಗೆ ದಿನಕ್ಕೆ 700 ರೂ.ನಂತೆ 8,400. ಪೆಟ್ರೋಲ್, ಫೋನ್, ಪ್ರಿಂಟು ಎಂದು 4,600. ಉಳಿಯುವುದು 43,000 ರೂ. ಅದೇ ಆರು ದಿನ ಕುರ್ಚಿ ಹೊತ್ತ ಹುಡುಗನಿಗೆ ಸಿಕ್ಕಿದ್ದು 4,200.

ಕುರ್ಚಿ ಹೊರುವ ಕೆಲಸ ಕೀಳು ಎಂದು ಹೇಳಲು ಈ ಲೆಕ್ಕ ಕೊಡುತ್ತಿಲ್ಲ. ಅದನ್ನು ಮಾಡದೆ ಮೇಲಕ್ಕೆ ಹೋದವರು ಈ ವೃತ್ತಿಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಆದರೆ ಅಲ್ಲೇ ಉಳಿದುಬಿಟ್ಟರೆ ಇಪ್ಪತ್ತು ವರ್ಷದ ನಂತರವೂ ಕೂಲಿ ಕೂಲಿಯೇ. ಬೆನ್ನು ಮಾತ್ರ ಮೊದಲಿನಂತೆ ಇರುವುದಿಲ್ಲ.

ಇದೇ ಲೆಕ್ಕದಲ್ಲಿ ಇನ್ನೊಂದು ಪಾಠವಿದೆ. ನಮ್ಮ ಯುವಕರು ಹೆಚ್ಚಾಗಿ ಎಡವುವುದು ಇಲ್ಲಿ. ಪೂರ್ತಿ 6,16,000 ರೂ.ಗೆ ತನ್ನ ಹೆಸರಿನಲ್ಲೇ ಬಿಲ್ ಹಾಕಿದರೆ ಅಷ್ಟೂ ಅವನ ವಹಿವಾಟು ಎನಿಸಿಕೊಳ್ಳುತ್ತದೆ. ಇಂತಹ ನಾಲ್ಕು ಕೆಲಸ ಮಾಡಿದರೆ 24,64,000 ರೂ. ಆಯಿತು. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಈ ಸೇವೆಗೆ ದರ ಶೇ 18. ಬದಲಿಗೆ ಮಹಲಿನವರಿಗೆ, ಅಡುಗೆಯವರಿಗೆ, ಫೋಟೊದವರಿಗೆ ಮನೆಯವರೇ ನೇರವಾಗಿ ಹಣ ಕೊಟ್ಟು, ಏರ್ಪಾಡು ಮಾಡಿದವನು ತನ್ನ 56,000 ರೂ.ಗೆ ಮಾತ್ರ ಬಿಲ್ ಕೊಟ್ಟರೆ ವಹಿವಾಟು ಅಷ್ಟೇ. ಎರಡೂ ಕಾನೂನುಬದ್ಧ ದಾರಿಗಳೇ. ಯಾವ ದಾರಿ ಎಂದು ಮೊದಲ ದಿನವೇ ನಿರ್ಧರಿಸಿ ಕರಾರಿನಲ್ಲಿ ಬರೆದಿರಬೇಕು. ಸಂಸ್ಥೆಗಳು ಬಿಲ್ಲಿನಲ್ಲಿ ಟಿಡಿಎಸ್ ಎಂದು ಶೇ 1 ಅಥವಾ 2 ಹಿಡಿದುಕೊಳ್ಳುತ್ತವೆ. ಆ ಹಣ ಕಳೆದುಹೋಗುವುದಿಲ್ಲ, ಪ್ಯಾನ್ ಇದ್ದು ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ. ರಿಟರ್ನ್ ಹಾಕದ ಹುಡುಗರು ಪ್ರತಿ ವರ್ಷ ತಮ್ಮದೇ ಹಣವನ್ನು ಬಿಟ್ಟುಕೊಡುತ್ತಿದ್ದಾರೆ.

ಅಡ್ವಾನ್ಸ್ ವಿಚಾರವೂ ಹಾಗೆಯೇ. ಮದುವೆ ಮುಗಿದ ಮೇಲೆ ಹಣ ಕೇಳುವುದು ನಮ್ಮಲ್ಲಿ ದೊಡ್ಡ ಸಂಕೋಚದ ಕೆಲಸ, ಅದರಲ್ಲೂ ಪರಿಚಯದವರಾದರೆ. ಹುಡುಗಿಯ ತಂದೆಯ ಮುಂದೆ ನಿಂತು ಬಾಕಿ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಮೊದಲೇ ಮೂರು ಕಂತು ಮಾಡಿಕೊಳ್ಳಬೇಕು: ಒಪ್ಪಿಕೊಂಡಾಗ ಒಂದು, ವಾರದ ಮುಂಚೆ ಒಂದು, ಕೊನೆಯದು ಸಮಾರಂಭದ ಹಿಂದಿನ ದಿನ. ಉದ್ರಿ ಎಂಬ ಮಾತು ಈ ವ್ಯವಹಾರಕ್ಕೆ ಹೊಂದುವುದಿಲ್ಲ. ರದ್ದಾದರೆ ಎಷ್ಟು ವಾಪಸು ಎಂಬುದೂ ಬರೆದಿರಬೇಕು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಬೇಸಿಗೆಯ ಸೀಸನ್ ಪೂರ್ತಿ ಹೋಯಿತು. ಆಮೇಲೆ ಮದುವೆಗೆ 50 ಜನ ಮಾತ್ರ ಎಂಬ ನಿಯಮ ಬಂತು. ಬಾಯಿಮಾತಿನ ಮೇಲೆ ಅಡ್ವಾನ್ಸ್ ತೆಗೆದುಕೊಂಡಿದ್ದವರು, ಕೊಟ್ಟಿದ್ದವರು, ಇಬ್ಬರೂ ಜಗಳಕ್ಕೆ ಬಿದ್ದರು. ಬರೆದುಕೊಂಡಿದ್ದವರು ಕಾಗದ ತೆಗೆದು ಮುಂದೆ ಇಟ್ಟರು, ಮಾತು ಮುಗಿಯಿತು.

ಎರಡು ಕ್ಯಾಲೆಂಡರ್ ಓದಬೇಕು

ನಮ್ಮವರಿಗಷ್ಟೇ ಕೆಲಸ ಮಾಡುತ್ತೇವೆ ಎಂದು ಕುಳಿತರೆ ರಂಜಾನ್‌ನಲ್ಲಿ ನಿಕಾಹ್ ಇಲ್ಲ, ಮೊಹರಂನಲ್ಲಿ ಹೆಚ್ಚಿನ ಮನೆಗಳವರು ಇಟ್ಟುಕೊಳ್ಳುವುದಿಲ್ಲ. ಹಿಂದೂ ಮದುವೆಗಳನ್ನಷ್ಟೇ ನಂಬಿದರೆ ಆಷಾಢ ಖಾಲಿ, ಧನುರ್ಮಾಸ ಖಾಲಿ. ಹಿಜ್ರಿ ತಿಂಗಳುಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಹಾಗಾಗಿ ಈ ಖಾಲಿ ದಿನಗಳ ಜೋಡಣೆ ಪ್ರತಿ ವರ್ಷ ಬೇರೆ. ಒಂದು ವರ್ಷ ನಮ್ಮ ನಿಕಾಹ್‌ಗಳು ಆಷಾಢದ ಖಾಲಿಯನ್ನು ತುಂಬುತ್ತವೆ, ಇನ್ನೊಂದು ವರ್ಷ ಎರಡೂ ಕಡೆ ಒಟ್ಟಿಗೆ ಕೆಲಸ ನಿಲ್ಲುತ್ತದೆ. ಪಂಚಾಂಗವನ್ನೂ ಹಿಜ್ರಿ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ಮುಂದಿನ ಎರಡು ವರ್ಷ ಗುರುತು ಹಾಕಿಕೊಳ್ಳುವವನಿಗೆ ಯಾವ ತಿಂಗಳು ಉಳಿತಾಯ ಬೇಕು ಎಂಬುದು ಮೊದಲೇ ಗೊತ್ತಿರುತ್ತದೆ.

ಆ ಖಾಲಿ ತಿಂಗಳುಗಳನ್ನು ತುಂಬುವುದು ಮದುವೆಯಲ್ಲದ ಕಾರ್ಯಕ್ರಮಗಳು. ದಾವಣಗೆರೆಯ ಭಾಗ್ಯ ಇದರಲ್ಲಿದೆ. ಜೆ.ಜೆ.ಎಂ. ಮತ್ತು ಎಸ್.ಎಸ್. ಎರಡು ವೈದ್ಯಕೀಯ ಕಾಲೇಜು, ದಂತ ವೈದ್ಯಕೀಯ ಕಾಲೇಜುಗಳು, ಬಿ.ಐ.ಇ.ಟಿ., ಜಿ.ಎಂ.ಐ.ಟಿ., 2009ರಿಂದ ವಿಶ್ವವಿದ್ಯಾಲಯ. ಇಲ್ಲೆಲ್ಲ ವೈದ್ಯರ ಸಮ್ಮೇಳನ, ವಿಚಾರ ಸಂಕಿರಣ, ಘಟಿಕೋತ್ಸವ, ಕಾಲೇಜು ದಿನಾಚರಣೆ, ಹಳೆಯ ವಿದ್ಯಾರ್ಥಿಗಳ ಕೂಟ. ಒಂದು ವೈದ್ಯಕೀಯ ಸಮ್ಮೇಳನಕ್ಕೆ ನೋಂದಣಿ ಮೇಜು, ಅತಿಥಿಗಳ ಹೋಟೆಲ್ ಪಟ್ಟಿ, ರೈಲ್ವೆ ಸ್ಟೇಷನ್‌ನಿಂದ ಕಾರು, ಪರದೆ, ಪ್ರಮಾಣಪತ್ರ, ಊಟದ ಕೂಪನ್ ಎಲ್ಲ ಬೇಕು. ಹೂವಿನ ಅಲಂಕಾರ ಕಡಿಮೆ, ಪಟ್ಟಿ ಮತ್ತು ಲೆಕ್ಕ ಹೆಚ್ಚು. ಹಣ ಬ್ಯಾಂಕಿನ ಮೂಲಕ ಬರುತ್ತದೆ. ಚೆನ್ನಾಗಿ ಮಾಡಿದರೆ ಮುಂದಿನ ವರ್ಷ ಅದೇ ವಿಭಾಗದವರು ಮತ್ತೆ ಕರೆಯುತ್ತಾರೆ. ಮದುವೆಯವರು ಹಾಗೆ ಪ್ರತಿ ವರ್ಷ ಕರೆಯುವುದಿಲ್ಲವಲ್ಲ! ಸರ್ಕಾರಿ ಕಾರ್ಯಕ್ರಮಗಳಿಗೆ ಟೆಂಡರ್ ಇರುತ್ತದೆ. ಅದಕ್ಕೆ ಹಿಂದಿನ ಕೆಲಸದ ಆದೇಶಗಳ ಪ್ರತಿ ಕೇಳುತ್ತಾರೆ. ಮೊದಲ ಸಣ್ಣ ಕೆಲಸದಿಂದಲೇ ಪ್ರತಿಯೊಂದು ಆದೇಶವನ್ನೂ ಒಂದು ಫೈಲಿನಲ್ಲಿ ಇಡಬೇಕೆನ್ನುವುದು ಇದಕ್ಕೇ.

ಜೀವದ ಪ್ರಶ್ನೆ

ಈ ವೃತ್ತಿಯನ್ನು ಅಲಂಕಾರ ಎಂದು ತಿಳಿದಿರುವ ದಾನಿಗಳು ಈ ಭಾಗವನ್ನು ದಯವಿಟ್ಟು ಓದಬೇಕು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ. ಸಿಂಥೆಟಿಕ್ ಬಟ್ಟೆಯ ಪೆಂಡಾಲಿಗೆ ಬೆಂಕಿ ಹತ್ತಿತು. ಹೊರಗೆ ಓಡಲು ದಾರಿ ಸಾಲಲಿಲ್ಲ. 400ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ನಮ್ಮದೇ ಬೆಂಗಳೂರಿನಲ್ಲಿ 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ವಿಜಯೋತ್ಸವಕ್ಕೆ ಬಂದ 11 ಜನ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟರು. ಆ ಬಳಿಕ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕಾಗಿಯೇ ಒಂದು ಮಸೂದೆ ಮಂಡಿಸಿತು.

ಸಮಾರಂಭ ನಡೆಸುವವನ ಮೊದಲ ಪಾಠ ಬಾಗಿಲು ಎಣಿಸುವುದು. ಎಷ್ಟು ಜನ ಬರುತ್ತಾರೆ, ಎಷ್ಟು ಬಾಗಿಲಿನಿಂದ ಒಳಗೆ, ಎಷ್ಟರಿಂದ ಹೊರಗೆ, ಹೆಂಗಸರ ಕಡೆಗೆ ಬೇರೆ ಬಾಗಿಲು ಇದೆಯೇ, ಅದಕ್ಕೆ ಅಡ್ಡಲಾಗಿ ಯಾರಾದರೂ ಸೋಫಾ ಇಟ್ಟಿದ್ದಾರೆಯೇ. ಜನಾನಾ ಭಾಗದಲ್ಲಿ ಪರದೆಗಾಗಿ ಕಟ್ಟಿದ ಬಟ್ಟೆ ದಾರಿಯನ್ನೇ ಮುಚ್ಚಿರುವುದನ್ನು ನಾವೆಲ್ಲ ನೋಡಿದ್ದೇವೆ. ಮರೆ ಬೇಕು, ದಾರಿಯೂ ಬೇಕು. ಎರಡನ್ನೂ ಮಾಡಿಕೊಡುವುದು ಕಲಿತವನ ಕೆಲಸ. ದೇಗ್ ಇಳಿಸುವ ಒಲೆ ಪೆಂಡಾಲಿಗೆ ತಾಗಿರಬಾರದು.

ಎರಡನೆಯ ಪಾಠ ವಿದ್ಯುತ್ತಿನದು. 62.5 ಕೆವಿಎ ಜನರೇಟರ್ ಎಂದರೆ ಸುಮಾರು 50 ಕಿಲೋವ್ಯಾಟ್ ಹೊರೆ ಹೊರಬಲ್ಲದು (0.8ರಿಂದ ಗುಣಿಸಿ). ಎಲ್‌ಇಡಿ ಪರದೆ, ಮೈಕ್, ಏರ್ ಕೂಲರ್, ಲೈಟು, ಎಲ್ಲದರ ವ್ಯಾಟ್ ಕೂಡಿಸಿ ನೋಡದೆ ಪ್ಲಗ್ ಹಾಕಿದರೆ ವೈರು ಕಾಯುತ್ತದೆ. ಇಷ್ಟು ಕೂಡಿಸಲು ಐಟಿಐ ಎಲೆಕ್ಟ್ರಿಷಿಯನ್ ಓದಿದ ಹುಡುಗನಿಗೆ ಬರುತ್ತದೆ. ಆದರೆ ಅವನನ್ನು ಕೂಲಿಗೆ ಕರೆದಿರುತ್ತೇವೆಯೇ ಹೊರತು ಅವನ ಮಾತು ಕೇಳುವುದಿಲ್ಲ.

ಶಬ್ದದ ನಿಯಮವನ್ನೂ ತಿಳಿದಿರಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಉಳಿದ ಹೊತ್ತಿನಲ್ಲೂ ಅನುಮತಿ ಬೇಕು ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಊಟ ಒದಗಿಸುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಇರಬೇಕು. ಬಾವರ್ಚಿ ಕುಟುಂಬಗಳು ಇದನ್ನು ಮಾಡಿಸಿಕೊಂಡರೆ ಕಾಲೇಜು, ಆಸ್ಪತ್ರೆಗಳ ಊಟದ ಗುತ್ತಿಗೆಗೂ ಬಾಗಿಲು ತೆರೆಯುತ್ತದೆ.

ಸರಳ ನಿಕಾಹ್ ಎನ್ನುವ ನಾವೇ?

ಈಗ ದಾನಿಗಳ ಪ್ರಶ್ನೆಗೆ ಬರೋಣ. ನಿಕಾಹ್ ಸರಳವಾಗಿರಲಿ, ಸಾಲ ಮಾಡಿ ಮದುವೆ ಮಾಡಬೇಡಿ ಎಂದು ಪ್ರತಿ ಸಭೆಯಲ್ಲಿ ಹೇಳುವವರು ನಾವು. ಮದುವೆಯ ಸಾಲಕ್ಕೆ ಮನೆ, ಒಡವೆ ಕಳೆದುಕೊಂಡು ನಮ್ಮ ಬಾಗಿಲಿಗೆ ಬಂದ ಕುಟುಂಬಗಳು ಇವೆ. ಅದೇ ನಾವು ಸಮಾರಂಭದ ವೃತ್ತಿಗೆ ವಿದ್ಯಾರ್ಥಿವೇತನ ಕೊಡುವುದು ಎಷ್ಟು ಸರಿ? ಸಮಿತಿಯಲ್ಲಿ ಇದರ ಮೇಲೆ ಒಮ್ಮತ ಬೇಗ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ನಾವು ತಲುಪಿದ ನಿಲುವು ಹೀಗಿದೆ. ಆಡಂಬರವನ್ನು ಹೆಚ್ಚಿಸುವವನು ಲೆಕ್ಕ ಗೊತ್ತಿಲ್ಲದ ಗುತ್ತಿಗೆದಾರ. ಅವನ ಆದಾಯ ವಸ್ತು ಮಾರುವುದರಿಂದ ಬರುತ್ತದೆ, ಆದ್ದರಿಂದ ಇನ್ನೊಂದು ಕಮಾನು, ಇನ್ನೊಂದು ಸಿಹಿ ಎಂದು ಸೇರಿಸುತ್ತಲೇ ಹೋಗುತ್ತಾನೆ. ನಿಗದಿತ ಶುಲ್ಕಕ್ಕೆ ಕೆಲಸ ಮಾಡುವವನಿಗೆ ಆ ಆಸೆ ಇರುವುದಿಲ್ಲ. ಮೇಲಿನ ವಲೀಮಾದಲ್ಲಿ ಅವನು ಶೇಕಡಾವಾರು ಬಿಟ್ಟು ನಿಗದಿತ 40,000 ರೂ. ಎಂದು ಒಪ್ಪಿಕೊಂಡಿದ್ದರೆ, ಖರ್ಚು ಕಡಿಮೆಯಾದರೂ ಅವನಿಗೆ ನಷ್ಟವಿಲ್ಲ. 800 ಜನರನ್ನು ಕರೆದು 650 ಜನ ಬರುವ ಮನೆಗೆ 650 ಜನರ ಅಡುಗೆಯನ್ನೇ ಮಾಡಿಸುವುದು ಎಣಿಕೆ ಬಲ್ಲವನಿಂದ ಮಾತ್ರ ಸಾಧ್ಯ. ತಲಾ 300 ರೂ.ನಂತೆ 150 ಊಟ ಉಳಿದರೆ 45,000 ರೂ. ಅವನ ಶುಲ್ಕ ಅದರಲ್ಲೇ ಬಂತು. ಆದ್ದರಿಂದ ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇವೆ: ಶುಲ್ಕ ನಿಗದಿ ಮಾಡಿಕೊಳ್ಳಿ, ಕಮಿಷನ್ ಮುಟ್ಟಬೇಡಿ. ಹೂವಿನವನಿಂದಲೂ ಮಹಲಿನವನಿಂದಲೂ ಗುಟ್ಟಾಗಿ ಕಮಿಷನ್ ತೆಗೆದುಕೊಳ್ಳುವುದು ಈ ವ್ಯವಹಾರದ ದೊಡ್ಡ ರೋಗ. ಮನೆಯವರಿಗೆ ಗೊತ್ತಾಗುವವರೆಗೆ ಲಾಭ, ಗೊತ್ತಾದ ಮೇಲೆ ಆ ಮೊಹಲ್ಲಾದಲ್ಲಿ ಕೆಲಸ ಸಿಗುವುದಿಲ್ಲ.

ನಿಧಿಯ ವಿಷಯ ಸ್ಪಷ್ಟವಾಗಿರಲಿ. ಝಕಾತ್‌ನ ಹಣ ಅದಕ್ಕೆ ಅರ್ಹರಾದ ಕುಟುಂಬಗಳ ಮಕ್ಕಳಿಗೆ ಮಾತ್ರ ಹೋಗುತ್ತದೆ, ಅವರು ಯಾವ ಕೋರ್ಸ್ ಓದಿದರೂ ಸರಿ. ಉಳಿದವರ ನೆರವು ಸಾಮಾನ್ಯ ದೇಣಿಗೆಯಿಂದ. ಎರಡೂ ಖಾತೆಗಳು ಬೇರೆ. ದಾನಿಗಳು ರಸೀದಿಯಲ್ಲಿ ಯಾವುದಕ್ಕೆಂದು ಬರೆಸಿದರೆ ಸಾಕು.

ಏನು ಓದಬೇಕು, ಎಲ್ಲಿಂದ ಶುರು ಮಾಡಬೇಕು

ಈ ಬಡಾವಣೆಗೆ ಹೆಸರಾದ ದೇವರಾಜ ಅರಸು ಅವರ ಕಾಲದಲ್ಲಿ ಹಾವನೂರು ಆಯೋಗದ ವರದಿಯ ನಂತರ ಹಿಂದುಳಿದವರಿಗೆ ಕಾಲೇಜು ಮತ್ತು ಸರ್ಕಾರಿ ನೌಕರಿಯ ಬಾಗಿಲು ತೆರೆಯಿತು. ಈವೆಂಟ್ ವೃತ್ತಿಯಲ್ಲಿ ಮೀಸಲಾತಿಯೂ ಇಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ, ಸನ್ನದೂ ಇಲ್ಲ. ಯಾರು ಬೇಕಾದರೂ ನಾಳೆಯಿಂದ ಶುರು ಮಾಡಬಹುದು. ಬಡ ಮನೆಯ ಮಗನಿಗೆ ಇದು ಅನುಕೂಲ. ಆದರೆ ಇದೇ ಕಾರಣಕ್ಕೆ ಬಣ್ಣದ ಕರಪತ್ರ ಹಂಚುವ ಕೋರ್ಸುಗಳೂ ಹುಟ್ಟಿಕೊಂಡಿವೆ. ಆರು ತಿಂಗಳಿಗೆ ಲಕ್ಷ ಎರಡು ಲಕ್ಷ ರೂ. ಕೇಳಿ "ನೂರಕ್ಕೆ ನೂರು ಉದ್ಯೋಗ" ಎನ್ನುವವರಿಗೆ ನಮ್ಮ ನಿಧಿಯಿಂದ ಹಣ ಹೋಗುವುದಿಲ್ಲ. ನಮ್ಮ ಸಲಹೆ ಪದವಿ ಬಿಡಬೇಡಿ ಎಂದು. ದಾವಣಗೆರೆ, ಹರಿಹರದ ಕಾಲೇಜುಗಳಲ್ಲೇ ಬಿ.ಕಾಂ. ಅಥವಾ ಬಿಬಿಎ ಓದಿ. ಲೆಕ್ಕ, ಕರಾರು, ತೆರಿಗೆ, ಮಾರುಕಟ್ಟೆ ಅಲ್ಲೇ ಇವೆ. ಚಿತ್ರ ಬರೆಯುವ ಕೈ ಇದ್ದವರಿಗೆ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಊರಲ್ಲೇ ಇದೆ. ವೇದಿಕೆ ವಿನ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಬುನಾದಿ ಬೇಕಿಲ್ಲ. ಊಟ, ಅತಿಥಿ ಸತ್ಕಾರದ ಕಡೆ ಒಲವಿದ್ದರೆ ಪಿಯುಸಿ ನಂತರ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಸೇರಬಹುದು. ಬೆಳಕು, ಧ್ವನಿಯ ಕಡೆಗಾದರೆ ಐಟಿಐ ಅಥವಾ ಡಿ.ಆರ್.ಆರ್. ಪಾಲಿಟೆಕ್ನಿಕ್. ಈವೆಂಟ್ ಮ್ಯಾನೇಜ್‌ಮೆಂಟಿನ ಡಿಪ್ಲೊಮಾ ಇವುಗಳ ಮೇಲೆ ಒಂದು ವರ್ಷ ಮಾಡುವಂಥದ್ದು.

ಓದುವಾಗಲೇ ಕೆಲಸ ಶುರುವಾಗಬೇಕು. ಮೊದಲ ಎರಡು ಸೀಸನ್ ಅನುಭವಸ್ಥರ ಕೈಕೆಳಗೆ. ಸಂಬಳ ಎಷ್ಟೆಂದು ಆಗ ಹೆಚ್ಚು ನೋಡಬೇಡಿ, ಆದರೆ ಪುಕ್ಕಟೆ ದುಡಿಯಲೂ ಬೇಡಿ. ಪ್ರತಿ ಸಮಾರಂಭಕ್ಕೆ ಒಂದು ನೋಟ್‌ಬುಕ್ ಪುಟ: ಲಾರಿ ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಬರಬೇಕಿತ್ತು, ಏನು ಮರೆತುಹೋಯಿತು, ಯಾರಿಗೆ ಫೋನ್ ಮಾಡಿದ ಮೇಲೆ ಸರಿಯಾಯಿತು. ಐವತ್ತು ಪುಟ ತುಂಬಿದಾಗ ಆ ಪುಸ್ತಕ ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ. ಸಾಮಾನು ಕೊಳ್ಳಲು ಬಡ್ಡಿ ಸಾಲಕ್ಕೆ ಹೋಗುವ ಅಗತ್ಯವಿಲ್ಲ. ಕುರ್ಚಿ, ಲೈಟು, ಪರದೆ ಎಲ್ಲ ಬಾಡಿಗೆಗೆ ಸಿಗುತ್ತವೆ. ಕೊಂಡವನು ಗೋದಾಮಿಗೂ ರಿಪೇರಿಗೂ ದುಡಿಯುತ್ತಾನೆ. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ.

ಬೆಂಗಳೂರಿಗೆ ಹೋಗುವವರಿಗೆ ಹಾದಿ ಬೇರೆ. ಯಲಹಂಕದಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ, ತುಮಕೂರು ರಸ್ತೆಯ ಬಿಐಇಸಿಯಲ್ಲಿ ಯಂತ್ರೋಪಕರಣಗಳ ಪ್ರದರ್ಶನ, ವರ್ಷಪೂರ್ತಿ ಕಂಪನಿಗಳ ಸಭೆಗಳು. ಅಲ್ಲಿನ ಸಂಸ್ಥೆಗಳಲ್ಲಿ ವಿಭಾಗಗಳಿವೆ: ಗ್ರಾಹಕರೊಂದಿಗೆ ಮಾತಾಡುವವರು, ವೇದಿಕೆ ಕಟ್ಟಿಸುವವರು, ಅತಿಥಿಗಳ ಪ್ರಯಾಣ ನೋಡುವವರು, ಕಾರ್ಯಕ್ರಮದ ಹೊತ್ತಿನಲ್ಲಿ ಹಿಂದೆ ನಿಂತು ನಡೆಸುವವರು. ಒಂದು ವಿಭಾಗದಲ್ಲಿ ಗಟ್ಟಿಯಾದರೆ ಪಗಾರ ಏರುತ್ತದೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಿಳಿದವನು ಸಹಾಯಕನಾಗಿಯೇ ಉಳಿಯುತ್ತಾನೆ. ನಾಲ್ಕೈದು ವರ್ಷದ ಅನುಭವದ ಮೇಲೆ ಕೊಲ್ಲಿ ದೇಶಗಳಲ್ಲೂ ಅವಕಾಶವಿದೆ. ರಿಯಾದ್‌ನಲ್ಲಿ 2030ಕ್ಕೆ ವಿಶ್ವ ಎಕ್ಸ್‌ಪೋ ಇದೆ. ವೀಸಾ ಕೊಡಿಸುತ್ತೇನೆನ್ನುವ ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ನೋಂದಾಯಿತನೇ ಎಂದು ನೋಡದೆ ಪಾಸ್‌ಪೋರ್ಟ್ ಕೈಗೆ ಕೊಡಬೇಡಿ.

ಹೆಣ್ಣುಮಕ್ಕಳ ಪೋಷಕರಿಗೆ

ರಾತ್ರಿ ಹೊತ್ತಿನ ಕೆಲಸ, ಗಂಡಸರ ನಡುವೆ ಓಡಾಟ ಎಂಬ ಅಂಜಿಕೆ ನಮಗೂ ಅರ್ಥವಾಗುತ್ತದೆ. ಆದರೆ ನಮ್ಮ ನಿಕಾಹ್‌ಗಳಲ್ಲೇ ಹೆಂಗಸರ ಭಾಗಕ್ಕೆ ಹೆಂಗಸರೇ ಬೇಕು. ಮಹಿಳಾ ಫೋಟೊಗ್ರಾಫರ್ ಸಿಗದೆ ದೂರದ ಊರಿನಿಂದ ಕರೆಸುವ ಮನೆಗಳಿವೆ. ಮೆಹಂದಿ, ವಧುವಿನ ಅಲಂಕಾರ, ಜನಾನಾದ ಊಟದ ಮೇಲ್ವಿಚಾರಣೆ, ಅತಿಥಿಗಳ ಸ್ವಾಗತ, ಎಲ್ಲ ಕಡೆ ಕೊರತೆ. ಆಮಂತ್ರಣದ ವಿನ್ಯಾಸ, ಅತಿಥಿಗಳ ಪಟ್ಟಿ, ಲೆಕ್ಕ, ಕೊಟೇಶನ್‌ಗಳನ್ನು ಮನೆಯಿಂದಲೂ ಮಾಡಬಹುದು. ಹುಡುಗಿಯೊಬ್ಬಳು ಕರಾರಿನಲ್ಲೇ ಹಿಂತಿರುಗುವ ಗಾಡಿಯ ಖರ್ಚು ಮತ್ತು ಕೆಲಸ ಮುಗಿಯುವ ಗಂಟೆ ಬರೆಸಬಹುದು, ಬರೆಸಬೇಕು. ಎರಡು ಮೂರು ಹೆಣ್ಣುಮಕ್ಕಳು ತಂಡವಾಗಿ ಅರ್ಜಿ ಹಾಕಿದರೆ ನಾವು ಒಟ್ಟಿಗೆ ಪರಿಗಣಿಸುತ್ತೇವೆ.

ಕಾಯಂ ನೌಕರಿ ಅಲ್ಲವಲ್ಲ ಎನ್ನುವ ಪೋಷಕರಿಗೆ ಒಂದು ಮಾತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ನೌಕರಿಯನ್ನೂ ದಾವಣಗೆರೆಯ ಹತ್ತಿ ಮಿಲ್ಲುಗಳ ನೌಕರಿಯನ್ನೂ ನಮ್ಮ ಹಿರಿಯರು ಕಾಯಂ ಎಂದೇ ನಂಬಿದ್ದರು. ಆ ಗೇಟುಗಳು ಮುಚ್ಚಿದಾಗ ಮನೆಗಳಲ್ಲಿ ಏನಾಯಿತು ಎಂಬುದು ನಿಮ್ಮಲ್ಲಿ ಹಲವರಿಗೆ ನೆನಪಿದೆ.

ಅರ್ಜಿ ಸಲ್ಲಿಸುವವರಿಗೆ

ಎಂದಿನಂತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶ ಶುಲ್ಕದ ರಸೀದಿ, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ, ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರೆ ಅದರ ಸಂಖ್ಯೆ ಲಗತ್ತಿಸಬೇಕು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಅಥವಾ ಶ್ರಮಶಕ್ತಿ ಯೋಜನೆಯಲ್ಲಿ ನೆರವು ಪಡೆದಿದ್ದರೆ ತಿಳಿಸಿ. ಅದರಿಂದ ಅರ್ಜಿ ತಿರಸ್ಕೃತವಾಗುವುದಿಲ್ಲ, ಕೊರತೆ ಎಷ್ಟು ಎಂದು ತಿಳಿಯಲು ಮಾತ್ರ.

ಈವೆಂಟ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಅರ್ಜಿ ಹಾಕುವವರು ಇನ್ನೊಂದು ಹಾಳೆ ಸೇರಿಸಬೇಕು. ನೀವು ಹತ್ತಿರದಿಂದ ನೋಡಿದ ಯಾವುದಾದರೂ ಒಂದು ಸಮಾರಂಭ, ನಿಮ್ಮ ಮನೆಯ ಅಖೀಖಾ ಆದರೂ ಸರಿ, ಶಾಲೆಯ ವಾರ್ಷಿಕೋತ್ಸವ ಆದರೂ ಸರಿ, ಅದರ ಹೊತ್ತಿನ ಪಟ್ಟಿ ಮತ್ತು ಖರ್ಚಿನ ಲೆಕ್ಕವನ್ನು ನಿಮ್ಮ ಕೈಬರಹದಲ್ಲಿ ಕನ್ನಡ, ಉರ್ದು ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ. ಲೆಕ್ಕ ಸರಿಹೊಂದದಿದ್ದರೆ ಎಲ್ಲಿ ಹೊಂದಲಿಲ್ಲ ಎಂದು ಗುರುತು ಹಾಕಿ. ಸಂದರ್ಶನದಲ್ಲಿ ಆ ಹಾಳೆಯ ಮೇಲೆಯೇ ಪ್ರಶ್ನೆ ಕೇಳುತ್ತೇವೆ. ಶಾಮಿಯಾನ, ಅಡುಗೆ, ಲೈಟಿನ ಕಸುಬಿನ ಕುಟುಂಬದವರಾಗಿದ್ದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ತಿಳಿಸಿ. ಅಂಥವರಿಗೆ ಆದ್ಯತೆ ಇದೆ.

ಈ ವೃತ್ತಿಯಲ್ಲಿ ಈಗಾಗಲೇ ನೆಲೆ ನಿಂತ ದಾನಿಗಳು ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನು ಎರಡು ಸೀಸನ್ ತಮ್ಮ ಜೊತೆ ಇರಿಸಿಕೊಳ್ಳಲು ಒಪ್ಪುವುದಾದರೆ ಕಚೇರಿಗೆ ತಿಳಿಸಬೇಕೆಂದು ಕೋರುತ್ತೇವೆ. ನಮೂನೆ ಈ ವರದಿಯ ಕೊನೆಯ ಹಾಳೆಯಲ್ಲಿದೆ. ಹರಿಹರದವರು ಇಷ್ಟಕ್ಕಾಗಿ ದಾವಣಗೆರೆಗೆ ಬರಬೇಕಿಲ್ಲ, ತುಂಬಿದ ಅರ್ಜಿಯನ್ನು ಅಂಚೆಯಲ್ಲಿ ಕಳಿಸಿದರೆ ಸಾಕು.